ಪಡುಗೋಡೆಗೆ ನೀರು ಹಾಕುತ್ತಿದ್ದ ಗುರುಬಾಯಿ

ಗುರುಬಾಯಿ ಗೋಡೆಯ ಸೋರಿಕೆಯನ್ನು ಕೆನ್ನೆಯಿಂದ ಹುಡುಕುತ್ತಿದ್ದಳು. ನೀರಿನ ಸೋರಿಕೆಯಲ್ಲ, ಗಾಳಿಯದು. ಸೆರಗಿನ ತುದಿಯನ್ನು ಬಕೆಟ್ಟಿನಲ್ಲಿ ಅದ್ದಿ ಎಡಗೆನ್ನೆಯನ್ನು ಒದ್ದೆ ಮಾಡಿಕೊಂಡು, ಕಣ್ಣು ಮುಚ್ಚಿ, ಗೋಡೆಗೆ ಎರಡು ಬೆರಳಷ್ಟು ಹತ್ತಿರ ಮುಖ ಹಿಡಿದು ಮೆಲ್ಲಗೆ ಸರಿಯುತ್ತಿದ್ದಳು. ಕೂದಲೆಳೆಯಷ್ಟು ಬಿರುಕಿನಿಂದ ಹೊರಗಿನ ಗಾಳಿ ನುಸುಳುತ್ತಿದ್ದರೂ ಒದ್ದೆ ಕೆನ್ನೆಗೆ ಅದು ತಣ್ಣಗೆ ತಾಗುತ್ತಿತ್ತು. ತಾಗಿದಲ್ಲಿ ನಿಂತು, ಸೊಂಟದಲ್ಲಿ ಸಿಕ್ಕಿಸಿಕೊಂಡ ಇದ್ದಿಲಿನ ಚೂರಿನಿಂದ ಒಂದು ಗೆರೆ ಎಳೆದು, "ಇಲ್ಲಿ ಉಸಿರಾಡಾಕತ್ತೈತಿ ನೋಡ್ರಿ" ಎನ್ನುತ್ತಿದ್ದಳು.

ಎಡಗೆನ್ನೆ ಎಂದು ಬರೆದೆ. ಅದು ನಿಜವೇ ಎಂದು ಪ್ರಮಾಣ ಮಾಡಿ ಹೇಳಲಾರೆ. ಗುರುಬಾಯಿಯ ವಿಷಯದಲ್ಲಿ ನನ್ನ ನೆನಪು ನನಗೆ ಅನುಕೂಲವಾಗುವಂತೆ ಎಷ್ಟೋ ಸಲ ಬಾಗಿದೆ. ಹಾಗಾಗಿ ಇಲ್ಲಿ ನನಗೆ ಖಚಿತವಿಲ್ಲದ್ದನ್ನು ಖಚಿತವಿಲ್ಲ ಎಂದೇ ಬರೆಯಬೇಕೆಂದುಕೊಂಡಿದ್ದೇನೆ.

ಎಂಬತ್ತರ ದಶಕದ ಮೊದಲ ವರ್ಷಗಳು. ಇಂಜಿನಿಯರಿಂಗ್ ಮುಗಿಸಿ ಕುಂದಾಪುರದಿಂದ ಬಂದ ನಾನು ಡೊಂಬಿವಲಿಯಲ್ಲಿ ಇಬ್ಬರು ಗೆಳೆಯರೊಡನೆ ಒಂದು ಕೋಣೆಯಲ್ಲಿದ್ದೆ. ಬೆಳಗ್ಗೆ ಲೋಕಲ್ ಹಿಡಿದು ಥಾಣೆ, ಅಲ್ಲಿಂದ ಕಳವಾ ದಾಟಿ ಬೇಲಾಪುರ ರಸ್ತೆಯ ಬಸ್ಸು, ಐರೋಲಿಯಲ್ಲಿ ಇಳಿದರೆ ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ಕಡೆಗೆ ಹತ್ತು ನಿಮಿಷದ ನಡಿಗೆ. ಆಗ ಅಲ್ಲಿ ಗದ್ದೆಯ ಬದು, ಉಪ್ಪುನೀರಿನ ಕೆಸರು, ನಡುನಡುವೆ ಕಾರ್ಖಾನೆ. ಹವಾನಿಯಂತ್ರಣ ಯಂತ್ರಗಳನ್ನು ಮಾಡುವ ಒಂದು ಕಂಪನಿ ತನ್ನ ಅಧಿಕಾರಿಗಳಿಗೆಂದು ಅಲ್ಲೊಂದು ಮಾದರಿ ಮನೆ ಕಟ್ಟಿಸುತ್ತಿತ್ತು. ಒಂದೇ ಒಂದು ಸಣ್ಣ ಯಂತ್ರ ಇಟ್ಟರೆ ಇಡೀ ಮನೆ ತಂಪಾಗಬೇಕು, ಕರೆಂಟು ಉಳಿಯಬೇಕು. ಅದಕ್ಕೆ ಒಳಗಿನ ತಂಪು ಹೊರಗೆ ಹೋಗದಂಥ, ಹೊರಗಿನ ಗಾಳಿ ಒಳಗೆ ಬಾರದಂಥ ಗೋಡೆ ಬೇಕಿತ್ತು.

ಆ ಗೋಡೆಯ ವಿಚಾರ ತಂದವರು ನಮ್ಮ ದೊಡ್ಡ ಇಂಜಿನಿಯರ್ ದೇಶಪಾಂಡೆ ಸಾಹೇಬರು. ಎರಡು ಪದರ ಇಟ್ಟಿಗೆ, ನಡುವೆ ಥರ್ಮಾಕೋಲಿನ ಹಲಗೆ. "ಬಿಸಿಯನ್ನು ತಡೆಯುವುದು ಥರ್ಮಾಕೋಲ್. ಆದರೆ ಗಾಳಿಯನ್ನು ತಡೆಯುವುದು ಅದೂ ಅಲ್ಲ, ಇಟ್ಟಿಗೆಯೂ ಅಲ್ಲ. ಇಟ್ಟಿಗೆಯ ಸಂದಿ ಜರಡಿ ಇದ್ದ ಹಾಗೆ. ಗಾಳಿಯನ್ನು ತಡೆಯುವುದು ಒಳಮೈಯ ಗಿಲಾವು ಮಾತ್ರ. ಅದು ಒಂದು ಬಿರುಕೂ ಇಲ್ಲದೆ ಬರಬೇಕು" ಎಂದು ಅವರು ನನಗೆ ಚಿತ್ರ ಬರೆದು ತೋರಿಸಿದ್ದರು. ನಾನು ಅದನ್ನು ಕೆಲಸದವರಿಗೆ ಅರ್ಧ ಗಂಟೆ ವಿವರಿಸಿದೆ. ಕೊನೆಗೆ ಹಿಂದಿನಿಂದ ಒಂದು ಹೆಣ್ಣುದನಿ, "ಗ್ವಾಡಿ ಗಡಿಗಿ ಇದ್ದಂಗ ಇರಬೇಕು ಅಂತಾರ. ಅಷ್ಟ" ಎಂದಿತು. ಎಲ್ಲರಿಗೂ ಅರ್ಥವಾಯಿತು.

ಅದು ಗುರುಬಾಯಿ. ವಿಜಾಪುರ ಜಿಲ್ಲೆಯ ಇಂಡಿ ಕಡೆಯವಳು. ಮೂವತ್ತೆಂಟು ನಲವತ್ತು ವಯಸ್ಸಿರಬಹುದು, ನನ್ನ ದೊಡ್ಡಕ್ಕನಿಗಿಂತ ಹಿರಿಯಳು. ನಾನು ಮಾತ್ರ ಸೈಟಿನ ಪದ್ಧತಿಯಂತೆ ಅವಳನ್ನು ಏಕವಚನದಲ್ಲಿ ಕರೆಯುತ್ತಿದ್ದೆ. ಈಗ ಬರೆಯುವಾಗಲೂ ಬಹುವಚನ ಕೈಗೆ ಬರುತ್ತಿಲ್ಲ, ಅದನ್ನು ಹಾಗೆಯೇ ಬಿಡುತ್ತೇನೆ. ಗಂಡ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಗಂಡನ ತಮ್ಮ ಸಿದ್ದಪ್ಪ ಗಿಲಾವಿನ ಮೇಸ್ತ್ರಿ, ಹದಿನೈದು ಜನರ ಗುಂಪಿಗೆ ಯಜಮಾನ. ಆ ಗುಂಪಿನಲ್ಲಿ ಕರಣಿ ಹಿಡಿಯುವವರು ಗಂಡಸರು, ಹೊರುವವರು ಹೆಂಗಸರು. ಗುರುಬಾಯಿಯದು ನೀರು ಹಾಕುವ ಕೆಲಸ. ಗಿಲಾವು ಹಚ್ಚಿದ ಮರುದಿನದಿಂದ ಏಳು ದಿನ ಗೋಡೆ ಒಣಗದಂತೆ ನೋಡಿಕೊಳ್ಳುವುದು. ಅದನ್ನು ಯಾರೂ ಕಸುಬು ಎಂದು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ.

ಅವಳು ಗೋಡೆಗಳೊಂದಿಗೆ ಮಾತಾಡುತ್ತಿದ್ದಳು. ನೀರು ಚಿಮುಕಿಸುತ್ತ, "ಕುಡಿ, ಕುಡಿ, ಗಟಗಟ ಕುಡಿ" ಎನ್ನುತ್ತಿದ್ದಳು. ಪ್ರತಿ ಗೋಡೆಗೂ ಒಂದು ಹೆಸರಿಟ್ಟಿದ್ದಳು. ಬಿಸಿಲು ತಾಗದ ಬಡಗಣ ಗೋಡೆ "ಶಾಣ್ಯಾ", ಅಂದರೆ ಜಾಣ. ಬಾಗಿಲ ಪಕ್ಕದ ಮೋಟುಗೋಡೆ "ಮೊಮ್ಮಗ". ಖಾಡಿಯ ಕಡೆಗಿದ್ದ, ಸದಾ ಉಪ್ಪುಗಾಳಿಗೆ ಒಡ್ಡಿಕೊಂಡ ದೊಡ್ಡ ಹಾಲ್‌ನ ಪಡುಗೋಡೆ "ಅತ್ತಿ".

"ಯಾಕೆ ಮಾರಾಯ್ತಿ, ಅತ್ತೆ?" ಎಂದು ಕೇಳಿದ್ದೆ.

"ಎಷ್ಟ್ ಹಾಕಿದ್ರೂ ಮಧ್ಯಾಹ್ನಕ್ಕ ಮತ್ತ ಬಾಯಿ ಒಣಗಿಸ್ಕೊಂಡ ನಿಂತಿರ್ತಾಳ್ರಿ. ನಾ ಏನೂ ಕೊಟ್ಟೇ ಇಲ್ಲ ಅನ್ನೂವಂಗ."

ಸಿದ್ದಪ್ಪ ಅಟ್ಟಣಿಗೆಯ ಮೇಲಿನಿಂದ, "ವೈನಿ, ನಮ್ಮವ್ವನ ಮ್ಯಾಲಿನ ಸಿಟ್ಟ ಗ್ವಾಡಿ ಮ್ಯಾಲ ತೀರಿಸ್ಕೋಬ್ಯಾಡ" ಎಂದು ಕೂಗಿದ. ಸೋಲಾಪುರ ಹತ್ತಿರವಿದ್ದ ಊರಿನವರು, ಅತ್ತಿಗೆಯನ್ನು ವೈನಿ ಎನ್ನುತ್ತಿದ್ದರು. ಗುರುಬಾಯಿ ತಟ್ಟನೆ, "ತೀರಿಸ್ಕೊಳ್ಳಾಕ ಒಂದ ಗ್ವಾಡಿ ಸಾಲಂಗಿಲ್ಲೋ ಮೈದುನಾ, ಊರಿನ ಅಗಸಿ ಬಾಗಲಾನ ಬೇಕು" ಎಂದಳು. ಹೊರೆ ಹೊತ್ತು ಬರುತ್ತಿದ್ದ ಹೆಂಗಸರು ನಗು ತಡೆಯಲಾರದೆ ಗಾರೆಯ ಬುಟ್ಟಿ ಇಳಿಸಿಬಿಟ್ಟರು.

ಮೊದಲು ಮುಗಿದದ್ದು ಅಡುಗೆ ಕೋಣೆ. ಪರೀಕ್ಷೆಗೆಂದು ಸಾಹೇಬರು ಬಾಗಿಲಿಗೆ ಪ್ಲೈವುಡ್ ಹಲಗೆ ಕೂಡಿಸಿ, ಅದರಲ್ಲಿ ಒಂದು ಎಗ್ಸಾಸ್ಟ್ ಫ್ಯಾನ್ ಇರಿಸಿದ್ದರು. ಫ್ಯಾನು ಒಳಗಿನ ಗಾಳಿಯನ್ನು ಹೊರಗೆ ಎಳೆಯುತ್ತದೆ, ಗೋಡೆಯಲ್ಲಿ ಎಲ್ಲಾದರೂ ಸಂದಿಯಿದ್ದರೆ ಅಲ್ಲಿಂದ ಹೊರಗಾಳಿ ನುಗ್ಗುತ್ತದೆ, ಊದಿನಕಡ್ಡಿಯ ಹೊಗೆ ಅಲ್ಲಿ ಅಲುಗುತ್ತದೆ. ಸಾಹೇಬರು ಕಡ್ಡಿ ಹಿಡಿದು ಒಂದು ಸುತ್ತು ಬಂದರು, ಹೊಗೆ ನೆಟ್ಟಗೆ ಏರಿತು. ಬಕೆಟ್ಟು ತೆಗೆದುಕೊಂಡು ಹೋಗಲು ಬಂದು ಒಳಗೇ ಉಳಿದಿದ್ದ ಗುರುಬಾಯಿ, "ಸಾಹೇಬ, ಖಿಡಕೀ ಖಾಲೀ ಬಘಾ" ಎಂದು ಅವಳ ಮರಾಠಿಯಲ್ಲಿ ಕಿಟಕಿಯ ಕೆಳಗೆ ನೋಡಲು ಹೇಳಿದಳು. ನೀರು ಹಾಕುವಾಗ ಗೋಡೆಯ ಯಾವ ಜಾಗ ಬೇಗ ಒಣಗುತ್ತದೆ ಎಂದು ತಿಳಿಯಲು ಅವಳು ಮೊದಲಿನಿಂದಲೂ ಗೋಡೆಗೆ ಹಾಗೆ ಒದ್ದೆ ಕೆನ್ನೆ ಹಿಡಿಯುತ್ತಿದ್ದಳಂತೆ. ಸಾಹೇಬರು ನಗುತ್ತ "ಚಲಾ, ಶರ್ಯತ್!" ಎಂದು ಪಂದ್ಯ ಕಟ್ಟಿದರು. ಅವರು ಹೊಗೆಯಿಂದ, ಅವಳು ಕೆನ್ನೆಯಿಂದ. ಅವಳು ಮೂರು ಕಡೆ ಇದ್ದಿಲಿನ ಗೆರೆ ಎಳೆದಳು. ಕಡ್ಡಿಯನ್ನು ಆ ಗೆರೆಗಳ ಹತ್ತಿರ ತಂದಾಗ ಮೂರರಲ್ಲೂ ಹೊಗೆ ತಲೆ ಬಾಗಿಸಿತು.

ಅವತ್ತು ಸಾಹೇಬರು ಎಲ್ಲರೆದುರು ಒಂದು ಮಾತು ಕೊಟ್ಟರು. ಗೋಡೆಯ ಗುಣ ಇಷ್ಟು ಬಲ್ಲವಳು ಬರೀ ನೀರು ಹಾಕಬಾರದು. ಹಾಲ್ ಪರೀಕ್ಷೆಯಲ್ಲಿ ಗೆದ್ದರೆ ಮೇಲಂತಸ್ತಿನ ಕೋಣೆಗಳಿಗೆ ಗುರುಬಾಯಿಯೂ ಕರಣಿ ಹಿಡಿದು ಗಿಲಾವು ಹಚ್ಚಲಿ, ಅವಳ ಹೆಸರು ಮೇಸ್ತ್ರಿಗಳ ಪಟ್ಟಿಗೆ ಸೇರಲಿ. ಸಿದ್ದಪ್ಪನ ಮುಖ ಗಂಟಿಕ್ಕಿತು, ಆದರೆ ಸಾಹೇಬರಿಗೆ ಎದುರಾಡಲಿಲ್ಲ. ಸಂಜೆ ನಾನು ಹೊರಡುವಾಗ ಗುರುಬಾಯಿ ಇಟ್ಟಿಗೆಯ ರಾಶಿಯ ಹಿಂದೆ ಯಾರದೋ ಕರಣಿಯನ್ನು ಹಿಡಿದು, ಒಣ ಗೋಡೆಯ ಮೇಲೆ ಬರಿದೇ ಆಡಿಸುತ್ತಿದ್ದಳು. ನನ್ನನ್ನು ಕಂಡು ನಾಚಿ ಕೆಳಗಿಟ್ಟಳು. "ಮುಂಗೈ ನೋಯ್ತೈತ್ರಿ. ರೂಢಿ ಆಗಬೇಕು" ಎಂದಳು.

ಇನ್ನು ಅಮಾವಾಸ್ಯೆಯ ಮಾತು. ಅವರ ಗುಂಪು ಅಮಾವಾಸ್ಯೆಯಂದು ಕೆಲಸ ಮುಟ್ಟುತ್ತಿರಲಿಲ್ಲ. ಭಾನುವಾರ ದುಡಿಯುತ್ತಿದ್ದರು, ಹಬ್ಬಕ್ಕೂ ದುಡಿಯುತ್ತಿದ್ದರು, ಅಮಾವಾಸ್ಯೆಗೆ ಮಾತ್ರ ಕರಣಿ, ಗುಂಡುದಾರ, ಸಲಿಕೆಗಳನ್ನೆಲ್ಲ ತೊಳೆದು ಕುಂಕುಮವಿಟ್ಟು ಕಾಯಿ ಒಡೆದು ಬಿಡಾರದಲ್ಲಿ ಕೂರುತ್ತಿದ್ದರು. ಹಾಲ್‌ನ ಕೆಲಸ ತಡವಾಗಿತ್ತು. ಕಂಪನಿಯ ಮೇಲಿನವರು ನೋಡಲು ಬರುವ ದಿನ ಗೊತ್ತಾಗಿತ್ತು. ಸಾಹೇಬರು ಪುಣೆಗೆ ಹೋಗಿದ್ದರು. ಅಮಾವಾಸ್ಯೆಯ ಹಿಂದಿನ ದಿನವೇ ಪಡುಗೋಡೆಗೆ ಗಿಲಾವು ಮುಗಿಸಿ ಎಂದು ನಾನು ಹಟ ಹಿಡಿದೆ.

"ಬ್ಯಾಡ್ರಿ ಸಾಹೇಬ್ರ," ಎಂದಳು ಗುರುಬಾಯಿ. "ನಾಳಿ ನಾವ್ಯಾರೂ ಮುಟ್ಟಂಗಿಲ್ಲ. ಕಿಟಕಿಗಿ ಗಾಜ ಕೂಡಿಸಿಲ್ಲ, ಖಾಡಿ ಗಾಳಿ ಸೀದಾ ಒಳಗ ಬರತೈತಿ. ಮೊದಲನೇ ದಿನ ನೀರ ಇಲ್ಲಂದ್ರ ಅತ್ತಿ ಮೈಯೆಲ್ಲ ಒಡಕೊಂತಾಳ. ನಾಡಿದ್ದ ಹಚ್ಚೋಣ್ರಿ."

"ಎರಡು ದಿನ ಹೋಗ್ತದೆ. ನೀರು ನಾನೇ ಬಂದು ಹಾಕ್ತೇನೆ."

"ನೀವು?"

"ಯಾಕೆ, ನನಗೆ ಕೈ ಇಲ್ವಾ?"

ಅವಳು ನಕ್ಕಳು. ನಂಬಿದಳು. ಗೋಣಿತಾಟುಗಳನ್ನು ಹೇಗೆ ತೂಗುಹಾಕಬೇಕು, ಮೇಲಿನಿಂದ ಕೆಳಕ್ಕೆ ಹೇಗೆ ನೀರು ಬಿಡಬೇಕು ಎಂದು ಮಾಡಿ ತೋರಿಸಿದಳು. "ಬ್ಯಾರೇವಕ್ಕ ಎರಡ ಸಲ ಸಾಕು. ಅತ್ತಿಗಿ ನಾಕ ಸಲ." ಬಕೆಟ್ಟು, ಚೊಂಬು, ತಾಟು ಎಲ್ಲವನ್ನೂ ಪಡುಗೋಡೆಯ ಬುಡದಲ್ಲಿ ಜೋಡಿಸಿಟ್ಟು ಹೋದಳು.

ನಾನು ಹೋಗಲಿಲ್ಲ.

ಆ ದಿನ ಥಾಣೆಯ ನೌಪಾಡಾದ ಮಾವನ ಮನೆಯಲ್ಲಿ ನನಗೆ ಹೆಣ್ಣು ತೋರಿಸುವ ಕಾರ್ಯವಿತ್ತು, ತಪ್ಪಿಸಿಕೊಳ್ಳಲಾಗಲಿಲ್ಲ ಎಂದು ಬಹಳ ವರ್ಷ ನಂಬಿದ್ದೆ. ನನ್ನ ಹೆಂಡತಿಗೂ ಹಾಗೆಯೇ ಹೇಳಿದ್ದೆ. ಈಚೆಗೆ ಹಳೆಯ ಡೈರಿಗಳನ್ನು ತೆಗೆದಾಗ ಆ ದಿನದ ಪುಟ ಸಿಕ್ಕಿತು. "ಅಮಾವಾಸ್ಯೆ. ಸೈಟಿಗೆ ರಜೆ. ಥಾಣೆಯಲ್ಲಿ ಬಸ್ಸಿನ ಸಾಲು ಉದ್ದ, ವಾಪಸು ಬಂದೆ. ಮ್ಯಾಟಿನಿ. ಚೆನ್ನಾಗಿರಲಿಲ್ಲ." ಹೆಣ್ಣು ನೋಡಿದ್ದು ಮುಂದಿನ ತಿಂಗಳು. ನೆನಪು ಎರಡು ದಿನಗಳನ್ನು ಕೂಡಿಸಿ ನನಗೊಂದು ಮರ್ಯಾದೆಯ ಕಾರಣವನ್ನು ಕಟ್ಟಿಕೊಟ್ಟಿತ್ತು.

ಮರುದಿನ ನಾನು ಹೋಗುವಷ್ಟರಲ್ಲಿ ಗುರುಬಾಯಿ ಪಡುಗೋಡೆಯ ಮೇಲೆ ಅಂಗೈ ಇಟ್ಟು ನಿಂತಿದ್ದಳು. ತಾಟುಗಳು ಅವಳು ಮಡಿಸಿಟ್ಟಂತೆಯೇ ಇದ್ದವು. ಅವುಗಳನ್ನು ಮೊದಲೇ ನೋಡಿದ್ದಿದ್ದರೆ ಬೇರೆ ಮಾತು ಆಡುತ್ತಿದ್ದೆನೇನೋ.

"ನಿನ್ನಿ ನೀರ ಹಾಕಿದ್ರೇನ್ರಿ?"

"ಹಾಕಿದೆ. ನಾಲ್ಕು ಸಲ."

ಅವಳು ಕೈ ತೆಗೆಯದೆ ನನ್ನ ಕಡೆ ತಿರುಗಿದಳು. "ಹಂಗಾದ್ರ ಗ್ವಾಡಿನ ಸುಳ್ಳ ಹೇಳಾಕತ್ತೈತಿ ಬಿಡ್ರಿ" ಎಂದಳು.

ಆ ದನಿಯಲ್ಲಿ ವ್ಯಂಗ್ಯವಿತ್ತೋ, ನನಗೆ ನಿಜ ಹೇಳಲು ಕೊಟ್ಟ ಇನ್ನೊಂದು ಅವಕಾಶವಿತ್ತೋ ಹೇಳಲಾರೆ. ನಾನು ತೆಗೆದುಕೊಳ್ಳಲಿಲ್ಲ ಎಂಬುದಷ್ಟೇ ಖಚಿತ. ಗೋಡೆಯ ತುಂಬ, ಹತ್ತಿರ ಹೋದರೆ ಮಾತ್ರ ಕಾಣುವಂಥ, ಎಲೆಯ ನರಗಳಂಥ ಬಿರುಕುಗಳು. ಅವಳು ಕೂಡಲೇ ದಾರಿ ಹೇಳಿದಳು. "ಹಸಿ ಐತಿ ಇನ್ನ. ಕಿತ್ತ ಒಗದು ಮತ್ತ ಹಚ್ಚಿದ್ರಾತು. ಸಾಹೇಬ್ರಿಗಿ ಇದ್ದದ್ದ ಹೇಳ್ರಿ."

ಇದ್ದದ್ದು ಹೇಳುವುದೆಂದರೆ ನಾನು ಬರಲಿಲ್ಲ ಎನ್ನುವುದನ್ನೂ ಹೇಳಬೇಕಿತ್ತು. "ಕೀಳುವುದು ಬೇಡ. ಸಿಮೆಂಟನ್ನು ನೀರಾಗಿ ಕಲಸಿ ಮೇಲಿಂದ ತಿಕ್ಕಿಬಿಡು, ಮುಚ್ಚಿಕೊಳ್ತದೆ" ಎಂದೆ.

"ಮುಚ್ಚಂಗಿಲ್ರಿ ಅದು. ಕಾಣಂಗಿಲ್ಲ ಅಷ್ಟ."

"ಹೇಳಿದಷ್ಟು ಮಾಡು ಗುರುಬಾಯಿ."

ಅವಳು ಮಾಡಿದಳು. ತನ್ನ ಅಂಗೈಯಿಂದಲೇ, ಬಿರುಕು ಬಿರುಕಿಗೂ ತಿಕ್ಕಿದಳು. ಆ ಹೊತ್ತು ಸಿದ್ದಪ್ಪ ಮತ್ತು ಉಳಿದವರು ಮೇಲಂತಸ್ತಿನಲ್ಲಿದ್ದರು. ಅದನ್ನು ಕಂಡವರು ನಾವಿಬ್ಬರೇ.

ಪರೀಕ್ಷೆಯ ದಿನ ಕಿಟಕಿಗಳಿಗೆ ಗಾಜು, ಚೌಕಟ್ಟಿಗೆ ರಬ್ಬರ್ ಪಟ್ಟಿ ಎಲ್ಲ ಕೂಡಿಸಿಯಾಗಿತ್ತು. ಫ್ಯಾನು ತಿರುಗಿತು. ಸಾಹೇಬರ ಕಡ್ಡಿಯ ಹೊಗೆ ಪಡುಗೋಡೆಯ ಹತ್ತಿರ ಬಂದೊಡನೆ ಚೆಲ್ಲಾಪಿಲ್ಲಿಯಾಯಿತು. ಅವರು ಉಗುರಿನಿಂದ ಕೆರೆದರು. ಸಿಮೆಂಟಿನ ತೆಳುಪದರ ಹಪ್ಪಳದಂತೆ ಎದ್ದು ಬಂತು, ಕೆಳಗೆ ಬಿರುಕು.

"ಹೇ ಕುಣೀ ಕೇಲಂ?" ಯಾರು ಮಾಡಿದ್ದು ಎಂದು ಕೇಳಿದರು. ಅವರ ಸಿಟ್ಟು ಬಿರುಕಿನ ಮೇಲಲ್ಲ, ಅದನ್ನು ಮುಚ್ಚಿದ್ದರ ಮೇಲೆ.

"ಮೀ ಕೇಲಂ" ಎಂದಳು ಗುರುಬಾಯಿ. ತಾನೇ ಮಾಡಿದ್ದು ಎಂದು.

ಸಾಹೇಬರು ನನ್ನ ಕಡೆ ತಿರುಗಿ, ನಿನಗೆ ಗೊತ್ತಿತ್ತೇ ಎಂದರು. ನಾನು ಅವಳ ಪಕ್ಕದಲ್ಲಿಯೇ ನಿಂತಿದ್ದೆ. ಬರೀ ತಲೆಯಾಡಿಸಿದೆನೋ, ಬಾಯಿಬಿಟ್ಟು ಇಲ್ಲ ಎಂದೆನೋ ನೆನಪಾಗುತ್ತಿಲ್ಲ. ಯಾವುದಾದರೇನು, ಅವರು ಇಲ್ಲ ಎಂದೇ ತಿಳಿದರು. ಆ ದಿನದ ಡೈರಿಯ ಪುಟವನ್ನೂ ಈಚೆಗೆ ತೆಗೆದು ನೋಡಿದೆ. "ಹಾಲ್ ಸೋತಿತು. ಮೊದಲ ದಿನ ಗುರುಬಾಯಿ ಗೋಡೆಗೆ ನೀರು ಹಾಕಿರಲಿಲ್ಲ. ಬಿರುಕಿಗೆ ಸಿಮೆಂಟ್ ತಿಕ್ಕಿದ್ದಳು." ನನ್ನದೇ ದುಂಡಗಿನ ಅಕ್ಷರ. ಒಂದೊಂದು ವಾಕ್ಯವೂ ನಿಜ. ಯಾರೂ ಓದದ ಪುಸ್ತಕದಲ್ಲಿ ಕೂಡ ನಾನು ಯಾರಿಂದ ತಪ್ಪಿಸಿಕೊಳ್ಳುತ್ತಿದ್ದೆ?

ಸಾಹೇಬರು ಯಾರನ್ನೂ ಕೆಲಸದಿಂದ ತೆಗೆಯಲಿಲ್ಲ. ಇನ್ನು ಈಕೆ ಗೋಡೆಯ ಹತ್ತಿರ ಬರಬಾರದು ಎಂದರು, ಅಷ್ಟೇ. ಸಿದ್ದಪ್ಪ ಎಲ್ಲರಿಗೂ ಕೇಳುವಂತೆ, "ಹೆಣ್ಮಕ್ಕಳ ಕೈಯಾಗ ಗ್ವಾಡಿ ಕೊಟ್ರ ಹಿಂಗ ಆಗೂದು. ಕರಣಿ ಅಂತ, ಕರಣಿ!" ಎಂದ. ಮರುದಿನದಿಂದ ಗುರುಬಾಯಿ ಇಟ್ಟಿಗೆ ಹೊತ್ತಳು. ಪಡುಗೋಡೆಯನ್ನು ಕಿತ್ತು ಮತ್ತೆ ಹಚ್ಚಿದರು, ಬೇರೆ ಹೆಂಗಸು ನೀರು ಹಾಕಿದಳು, ಎರಡನೆಯ ಪರೀಕ್ಷೆಯಲ್ಲಿ ಮನೆ ಗೆದ್ದಿತು. ಮೇಲಿನವರು ಬಂದು ನನ್ನ ಕೈ ಕುಲುಕಿದರು. ಮಳೆಗಾಲ ಶುರುವಾಗುವ ತನಕ ಪ್ರತಿದಿನ ನಾನು ಮೆಟ್ಟಿಲು ಹತ್ತುವಾಗ ಅವಳು ತಲೆಯ ಮೇಲೆ ಹತ್ತು ಇಟ್ಟಿಗೆ ಹೊತ್ತು ಎದುರಾಗುತ್ತಿದ್ದಳು. ನನಗೆ ದಾರಿ ಬಿಡಲು ಹೊರೆಸಮೇತ ಗೋಡೆಗೆ ಒತ್ತಿ ನಿಲ್ಲುತ್ತಿದ್ದಳು. "ಬರ್ರಿ ಸಾಹೇಬ್ರ" ಎನ್ನುತ್ತಿದ್ದಳು, ಮೊದಲಿನದೇ ದನಿಯಲ್ಲಿ. ಆ ದನಿ ಬದಲಾಗಿದ್ದರೆ ನನಗೆ ಹಗುರವಾಗುತ್ತಿತ್ತು.

ಆಮೇಲೆ ಅವರ ಗುಂಪು ಬೇರೆಡೆಗೆ ಹೋಯಿತು. ನನಗೆ ಬಡ್ತಿ ಸಿಕ್ಕಿತು, ಮದುವೆಯಾಯಿತು.

ಮೂರೋ ನಾಲ್ಕೋ ವರ್ಷಗಳ ನಂತರ ಒಂದು ಬೆಳಗ್ಗೆ ಕಲ್ಯಾಣದಲ್ಲಿ, ಕೂಲಿಯವರು ಕೆಲಸಕ್ಕಾಗಿ ಬಂದು ನಿಲ್ಲುವ ನಾಕಾದಲ್ಲಿ ಗುರುಬಾಯಿ ಕಂಡಳು. ಬುತ್ತಿಯ ಗಂಟನ್ನು ಕಾಲ ಬಳಿ ಇಟ್ಟುಕೊಂಡು ಕುಕ್ಕರುಗಾಲಲ್ಲಿ ಕೂತಿದ್ದಳು. ನೆತ್ತಿಯ ಕೂದಲು ಹೊರೆಗೆ ಸವೆದು ತೆಳ್ಳಗಾಗಿತ್ತು. ನನ್ನನ್ನು ಕಂಡದ್ದೇ ಎದ್ದು ನಿಂತು, "ಅಯ್ಯ, ಸಣ್ಣ ಸಾಹೇಬ್ರು! ದಪ್ಪಗಾಗೀರಿ. ಮನೀಯವ್ರು ಚಲೋ ಉಣಸ್ತಾರ ಹೌದಿಲ್ಲ?" ಎಂದು ನಕ್ಕಳು.

ನಾನು ನಗಲಿಲ್ಲ. ಇಷ್ಟು ವರ್ಷ ಒಳಗೇ ಇಟ್ಟುಕೊಂಡದ್ದನ್ನು ಒಂದೇ ಉಸಿರಿಗೆ ಹೇಳಿದೆ. "ಗುರುಬಾಯಿ, ಅವತ್ತು ನಾನು ನೀರು ಹಾಕಿರಲಿಲ್ಲ. ಸೈಟಿಗೆ ಬಂದೇ ಇರಲಿಲ್ಲ. ತಪ್ಪು ನನ್ನದು."

"ಅದ ನನಗ ಗೊತ್ತಿತ್ತಲ್ರೀ."

"ಮತ್ತೆ ಸಾಹೇಬರ ಮುಂದೆ ಯಾಕೆ ಹೇಳಲಿಲ್ಲ?"

"ನೀವ ಬಾಜೂಕ ನಿಂತಿದ್ರಲ್ಲ. ನಾ ತಿಕ್ಕಿದ್ದ ನಾ ಹೇಳಿದೆ, ಉಳಿದದ್ದ ನೀವ ಹೇಳ್ತೀರಂತ ಸುಮ್ನ ನಿಂತೆ."

ಅವಳೇ ಮುಂದುವರಿಸಿದಳು. ದನಿಯಲ್ಲಿ ಆರೋಪವಿರಲಿಲ್ಲ, ಒಂದು ಕೆಲಸ ವಹಿಸುವಾಗಿನ ಸ್ಪಷ್ಟತೆಯಿತ್ತು. "ನನ್ನ ಮುಂದ ಹೇಳಿದ್ರ ಏನ ಬಂತ್ರಿ? ನಂದೇನ, ಆತು. ನನ್ನ ಮಗಳು ಕರಣಿ ಹಿಡೀತೀನಿ ಅಂತ ಕುಂತಾಳ. ಕೈ ಚಲೋ ಐತಿ ಆಕೀದು. ಸಿದ್ದಪ್ಪ ಒಲ್ಲೆ ಅಂತಾನ. ಮಾತೆತ್ತಿದ್ರ ಸಾಕು, ನಿಮ್ಮವ್ವ ಮಾಡಿದ್ದ ನೋಡಿಲ್ಲೇನು, ಬಿರುಕ ಮುಚ್ಚಿ ನನ್ನ ಹೆಸರ ಕೆಡಿಸಿದ್ಲು ಅಂತಾನ. ನಾ ಹೇಳಿದ್ರ ನಂಬಂಗಿಲ್ಲ. ನೀವ ಹೇಳಿದ್ರ ನಂಬ್ತಾನ. ಅಲ್ಲೇ ಅದಾನ ನೋಡ್ರಿ, ಚಾದ ಅಂಗಡಿ ಮುಂದ."

ಇಪ್ಪತ್ತು ಹೆಜ್ಜೆ ಇರಬಹುದು. ಸಿದ್ದಪ್ಪ ನಾಲ್ಕೈದು ಗಂಡಸರ ನಡುವೆ ನಿಂತು ಬಸಿಯಲ್ಲಿ ಚಹಾ ಹೀರುತ್ತಿದ್ದ. ಅವರನ್ನು ಕರೆದೊಯ್ಯುವ ಲಾರಿ ಆಗಲೇ ಬಂದು ನಿಂತು ಹಾರ್ನ್ ಹೊಡೆಯುತ್ತಿತ್ತು. ಭಿವಂಡಿಯಲ್ಲಿ ಗೋದಾಮು ಕಟ್ಟುವ ಕೆಲಸವಂತೆ. ನನಗೂ ಲೋಕಲ್ಲಿನ ಹೊತ್ತಾಗಿತ್ತು. ಇದನ್ನು ಕಾರಣವೆಂದು ಬರೆಯುತ್ತಿಲ್ಲ. ಲಾರಿಯವನಿಗೆ ಎರಡು ನಿಮಿಷ ನಿಲ್ಲಲು ಹೇಳಬಹುದಿತ್ತು. ಅಷ್ಟು ಜನರೆದುರು, ನನ್ನನ್ನು ಸಾಹೇಬರೆನ್ನುವ ಆ ಮನುಷ್ಯನ ಮುಂದೆ ನಿಂತು ಆ ಮಾತನ್ನು ಆಡುವುದು ನನ್ನಿಂದಾಗಲಿಲ್ಲ.

"ಇವತ್ತು ಅವಸರ. ನಾಳೆ ಬರ್ತೇನೆ. ಖಂಡಿತ ಹೇಳ್ತೇನೆ ಅವನಿಗೆ" ಎಂದೆ.

"ಬರ್ರಿ" ಎಂದಳು.

ನಾಳೆ ಹೋಗಲಿಲ್ಲ. ಹೋದದ್ದು ಎಷ್ಟು ದಿನದ ಮೇಲೆ ಎಂದು ಬರೆದಿಟ್ಟುಕೊಂಡಿಲ್ಲ. ವಾರವಿರಬಹುದು, ತಿಂಗಳೂ ಇರಬಹುದು. ಇಂಡಿಯವರ ಗುಂಪು ಸೂರತ್ತಿನ ಕಡೆಗೆ ಹೋಯಿತು ಎಂದು ನಾಕಾದಲ್ಲಿ ಯಾರೋ ಹೇಳಿದರು. ಆಮೇಲೆ ಅವಳನ್ನು ನಾನು ಕಂಡಿಲ್ಲ. ಮಗಳ ಹೆಸರನ್ನು ಕೇಳಿರಲೂ ಇಲ್ಲ.

ಹಾಗಾಗಿ ನಾನು ಅವಳನ್ನು ಕೊನೆಯ ಸಲ ಕಂಡದ್ದು ಆ ಬೆಳಗ್ಗೆಯೇ. ಗುರುಬಾಯಿ ಬುತ್ತಿಯ ಗಂಟು ಎತ್ತಿಕೊಂಡು ಲಾರಿಯ ಕಡೆ ನಡೆದಳು. ಮೊದಲೇ ಹತ್ತಿದ್ದ ಸಿದ್ದಪ್ಪ ಬಾಗಿ ಕೈ ಕೊಟ್ಟು ಅವಳನ್ನು ಮೇಲಕ್ಕೆ ಎಳೆದುಕೊಂಡ. ಆಗ ಅವನ ಕಣ್ಣಿಗೆ ನಾನು ಬಿದ್ದೆ. ಗುರುತು ಹಿಡಿದು, ಮುಖವರಳಿಸಿ, ಎರಡೂ ಕೈ ಎತ್ತಿ ನಮಸ್ಕಾರ ಮಾಡಿದ. ಅವನ ಪಕ್ಕದಲ್ಲಿ ಕೂತ ಗುರುಬಾಯಿ ನನ್ನನ್ನೇ ನೋಡುತ್ತಿದ್ದಳು. ನಾನೂ ಕೈ ಎತ್ತಿ ಸಿದ್ದಪ್ಪನಿಗೆ ನಮಸ್ಕಾರ ಮಾಡಿದೆ.